ಹಗರಣ ಎಂಬ ಆಟ

ಹಗರಣ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಇಂದಿನ ಓದುಗರ ಕಣ್ಣೆದುರು ಬರುವುದು ಕಡತ, ಕೋಟಿ, ತನಿಖೆ, ರಾಜೀನಾಮೆ. ಆದರೆ ಅಂಕೋಲೆ, ಕುಮಟೆ, ಹೊನ್ನಾವರ ಕಡೆಯ ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಲ್ಲಿ ಹಗರಣವೆಂದರೆ ಒಂದು ಆಟ. ಫಾಲ್ಗುಣ ಮಾಸದ ಸುಗ್ಗಿಯ ದಿನಗಳಲ್ಲಿ ಊರಿನ ಗಂಡಸರು ಬಗೆಬಗೆಯ ಸೋಗು ಹಾಕಿಕೊಂಡು ಊರನ್ನು ನಗಿಸುತ್ತ ಹೊರಡುವ ಮೆರವಣಿಗೆಗೆ ಆ ಹೆಸರು. ‘ಈ ವರ್ಷ ಹಗರಣ ಚಲೋ ಆಯ್ತು’ ಎಂದು ಅಲ್ಲಿನ ಅಜ್ಜಂದಿರು ಹೇಳಿದರೆ ಹೊರಗಿನಿಂದ ಬಂದ ಅಧಿಕಾರಿ ಬೆಚ್ಚಿಬೀಳಬೇಕು. ಒಂದೇ ಶಬ್ದ ಒಂದು ಕಡೆ ನಗೆಯಾಟವಾಗಿ, ಇನ್ನೊಂದು ಕಡೆ ನಾಡಿನ ಬೊಕ್ಕಸವನ್ನೇ ನುಂಗಿದ ಕಳ್ಳತನವಾಗಿ ನಿಂತದ್ದು ಹೇಗೆ? ಮೂವತ್ತು ವರ್ಷ ಈ ಮೂರು ತಾಲೂಕುಗಳ ಶಾಲೆಗಳಲ್ಲಿ ಕನ್ನಡ ಕಲಿಸಿದ ನನ್ನನ್ನು ಈ ಪ್ರಶ್ನೆ ಬಹಳ ದಿನ ಕಾಡಿದೆ.

ಗಂಭೀರವಲ್ಲದ ಮಾತಿಗೆ, ನಡೆಗೆ ನಮ್ಮ ಕರಾವಳಿಯಲ್ಲಿ ಹೆಸರುಗಳ ಕೊರತೆಯಿಲ್ಲ. ಭಟ್ಕಳದಿಂದ ಕುಮಟೆಯವರೆಗಿನ ಸುಮಾರು ಅರವತ್ತು ಕಿಲೋಮೀಟರು ದಾರಿಯಲ್ಲಿ ಕುಶಾಲು, ತಮಾಷೆ, ಮಸ್ಕಿರಿ, ಚೇಷ್ಟೆ, ಹುಡುಗಾಟ ಎಲ್ಲವೂ ಸಿಗುತ್ತವೆ. ಒಂದೊಂದರ ಹಿಂದೆಯೂ ಒಂದೊಂದು ಪ್ರಯಾಣವಿದೆ. ಕುಶಾಲು ಎಂಬುದು ಪಾರಸಿಯ ‘ಖುಷ್‌ಹಾಲ್’, ಅಂದರೆ ಒಳ್ಳೆಯ ಸ್ಥಿತಿ, ಸುಖ. ಮೈಸೂರು ದಸರೆಯಲ್ಲಿ 21 ಸಲ ಹಾರಿಸುವ ಕುಶಾಲತೋಪಿನಲ್ಲಿ ಆ ಹಳೆಯ ಅರ್ಥ ಹಾಗೆಯೇ ಉಳಿದಿದೆ. ಅಲ್ಲಿ ಅದು ಸಂಭ್ರಮದ ತೋಪು. ನಮ್ಮ ಜಗಲಿಗೆ ಬರುವಷ್ಟರಲ್ಲಿ ಸುಖವು ನಗೆಮಾತಾಗಿ ‘ನಾ ಕುಶಾಲಿಗೆ ಹೇಳಿದ್ದು’ ಎಂಬಲ್ಲಿಗೆ ಇಳಿಯಿತು. ತಮಾಷೆ ಮೂಲದಲ್ಲಿ ಅರಬ್ಬಿಯ ನಡಿಗೆ. ನಾಲ್ಕು ಜನ ಕೂಡಿ ಅಡ್ಡಾಡುವುದು, ಅಡ್ಡಾಡುತ್ತ ನೋಡುವುದು, ಕಡೆಗೆ ನೋಡುವ ನೋಟವೇ ತಮಾಷೆ. ಚೇಷ್ಟೆ ಸಂಸ್ಕೃತದಲ್ಲಿ ಬರಿಯ ಚಲನೆ, ಪ್ರಯತ್ನ. ಕನ್ನಡದ ಮಕ್ಕಳ ಕೈಗೆ ಸಿಕ್ಕಿ ಅದು ಕೀಟಲೆಯಾಯಿತು.

ಹುಡುಗಾಟವೊಂದು ನಮ್ಮದೇ ಶಬ್ದ. ಆದರೆ ಮೇಷ್ಟರಿಕೆ ಮಾಡಿದವರು ಯಾರೂ ಅದನ್ನು ಒಪ್ಪಲಾರರು. ಹುಡುಗರ ಆಟದಷ್ಟು ಗಂಭೀರವಾದ ಕೆಲಸ ಇನ್ನೊಂದಿಲ್ಲ. ಲಗೋರಿಯ ಕಲ್ಲು ಒಂದು ಬೆರಳಿನಷ್ಟು ಜರುಗಿತೋ ಇಲ್ಲವೋ ಎಂಬ ವಾದ ಊಟದ ಗಂಟೆಯನ್ನೆಲ್ಲ ನುಂಗಿದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ದೊಡ್ಡವರ ಉಡಾಫೆಗೆ ಮಕ್ಕಳ ಹೆಸರನ್ನು ಅಂಟಿಸಿದ್ದೇವೆ, ಅಷ್ಟೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮಸ್ಕಿರಿ ನಮ್ಮ ಕೊಂಕಣಿಗರಿಗೂ, ಮರಾಠಿಯವರಿಗೂ, ಗಟ್ಟದ ಮೇಲಿನವರಿಗೂ ಗೊತ್ತಿರುವ ಮಾತು. ಅದರ ಬೇರು ಅರಬ್ಬಿಯ ‘ಮಸ್ಖರಾ’. ನಗಿಸುವವನು, ನಗೆಗೀಡಾದವನು, ವಿದೂಷಕ ಎಲ್ಲ ಅದರೊಳಗಿದ್ದಾರೆ. ಅರಬ್ಬಿ ಕಡಲಿನ ವ್ಯಾಪಾರದಿಂದ ಬೆಳೆದ ಭಟ್ಕಳದಂಥ ಊರಿನಲ್ಲಿ ಮೀನುಪೇಟೆಯ ಹೆಂಗಸು, ಬಟ್ಟೆ ಅಂಗಡಿಯ ಸಾಹೇಬರು, ದೇವಸ್ಥಾನದ ಭಟ್ಟರು ಮೂವರೂ ಒಬ್ಬರಿಗೊಬ್ಬರು ‘ಮಸ್ಕಿರಿ ಮಾಡಬೇಡಿ’ ಎನ್ನಬಲ್ಲರು. 1993ರಲ್ಲಿ ಭಟ್ಕಳದಲ್ಲಿ ತಿಂಗಳುಗಟ್ಟಲೆ ನಡೆದ ಗಲಭೆಗಳು ಬಹಳಷ್ಟನ್ನು ಕಸಿದವು. ಸತ್ತವರ, ಸುಟ್ಟ ಮನೆಗಳ ಲೆಕ್ಕ ಸರಕಾರದ ಕಾಗದಗಳಲ್ಲಿದೆ. ಕಾಗದಕ್ಕೆ ಬಾರದ ಇನ್ನೊಂದು ನಷ್ಟ ನಮ್ಮ ಕಿವಿಗೆ ತಿಳಿಯಿತು. ಆಮೇಲಿನ ಕೆಲವು ವರ್ಷ ಜನ ಮಸ್ಕಿರಿ ಮಾಡುವ ಮೊದಲು ಎದುರಿಗೆ ನಿಂತವರು ಯಾರೆಂದು ನೋಡತೊಡಗಿದರು. ನಗೆಮಾತಿಗೆ ನಂಬಿಕೆ ಬೇಕು. ಕೇಳಿದವನು ನನ್ನನ್ನು ತಪ್ಪು ತಿಳಿಯಲಾರ ಎಂಬ ಧೈರ್ಯವಿಲ್ಲದೆ ಯಾರೂ ಯಾರಿಗೂ ಕುಶಾಲು ಮಾಡುವುದಿಲ್ಲ.

ಈಗ ಹಗರಣಕ್ಕೆ ಬರೋಣ. ಇದರ ಮೂಲ ಸಂಸ್ಕೃತದ ‘ಪ್ರಕರಣ’. ಭರತನ ನಾಟ್ಯಶಾಸ್ತ್ರ ಹೇಳುವ ಹತ್ತು ಬಗೆಯ ರೂಪಕಗಳಲ್ಲಿ ಪ್ರಕರಣವೂ ಒಂದು. ಪುರಾಣದ ಕತೆಯನ್ನು ಎತ್ತಿಕೊಳ್ಳದೆ ಕವಿ ತಾನೇ ಕಟ್ಟಿದ ಕತೆ, ರಾಜರಿಗಿಂತ ವರ್ತಕರು, ಬ್ರಾಹ್ಮಣರು, ಪೇಟೆಯ ಜನ ಓಡಾಡುವ ನಾಟಕ ಅದು. ಶೂದ್ರಕನ ‘ಮೃಚ್ಛಕಟಿಕ’ ಇದಕ್ಕೆ ಹೆಸರಾದ ಉದಾಹರಣೆ. ಈ ಪ್ರಕರಣ ಹಳಗನ್ನಡಕ್ಕೆ ಬಂದು ‘ಪಗರಣ’ವಾಯಿತು; ನಾಟ್ಯ, ಅಣಕ, ನಗೆಯಾಟ ಎಂಬ ಅರ್ಥ ಪಡೆಯಿತು. ಮುಂದೆ ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ, ಪಗರಣ ಹಗರಣವಾಯಿತು. ಪ್ರಸಾದ ಎಂಬುದು ಪಸಾದವಾಗಿ, ಹಸಾದವಾದದ್ದೂ ಇದೇ ದಾರಿಯಲ್ಲಿ.

ವಿಚಿತ್ರವೆಂದರೆ ಮೂಲದ ಪ್ರಕರಣವೂ ಕನ್ನಡದಲ್ಲಿ ಬೇರೆಯಾಗಿ ಬದುಕಿ ಉಳಿದು, ಪೊಲೀಸು ಠಾಣೆಯ, ಕೋರ್ಟಿನ ಶಬ್ದವಾಯಿತು. ಇಂದು ಪತ್ರಿಕೆಗಳಲ್ಲಿ ‘ಹಗರಣದ ಪ್ರಕರಣ’ ಎಂದು ಓದುವಾಗ ನಾವು ತಾಯಿ ಮಗಳಿಬ್ಬರ ಹೆಸರನ್ನೂ ಒಟ್ಟಿಗೆ ಓದುತ್ತಿರುತ್ತೇವೆ. ಇಬ್ಬರೂ ಹುಟ್ಟಿದ್ದು ರಂಗಸ್ಥಳದಲ್ಲಿ, ಇಬ್ಬರೂ ಬಂದು ನಿಂತದ್ದು ಕಟಕಟೆಯಲ್ಲಿ.

ನಗಿಸುವುದು ಹಗುರದ ಕೆಲಸ ಎಂದು ನಮ್ಮ ಹಿಂದಿನವರೆಲ್ಲ ತಿಳಿದಿರಲಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ನಗೆಯ ಮಾರಿತಂದೆ ಎಂಬವರಿದ್ದರು. ಜನರನ್ನು ನಗಿಸುವುದೇ ಅವರ ಕಾಯಕ. ಬಹುರೂಪಿ ಚೌಡಯ್ಯ ಎಂಬ ಇನ್ನೊಬ್ಬ ಶರಣರ ಕಾಯಕ ವೇಷ ಹಾಕಿ ಆಡುವುದು. ನೇಯುವವರು, ಚಪ್ಪಲಿ ಹೊಲಿಯುವವರು, ದೋಣಿ ನಡೆಸುವವರು ಕುಳಿತ ಪಂಕ್ತಿಯಲ್ಲೇ ನಗಿಸುವವನಿಗೂ ವೇಷಗಾರನಿಗೂ ಮಣೆ ಸಿಕ್ಕಿತ್ತು. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಪಾಠ ಮಾಡುವಾಗ ನಾನು ಈ ಇಬ್ಬರ ಹೆಸರನ್ನು ಬಿಡದೆ ಹೇಳುತ್ತಿದ್ದೆ. ಮಕ್ಕಳಿಗೆ ಆಶ್ಚರ್ಯವಾಗುತ್ತಿತ್ತು.

ನಮ್ಮ ಕಡೆಯ ಸುಗ್ಗಿಯನ್ನು ಕಾಣದವರಿಗಾಗಿ ಸ್ವಲ್ಪ ಹೇಳಬೇಕು. ಭತ್ತದ ಕೊಯ್ಲು ಮುಗಿದು ಕಣ ಬರಿದಾದ ಮೇಲೆ, ಹೋಳಿ ಹುಣ್ಣಿಮೆಗೆ ಮುನ್ನ, ಹಾಲಕ್ಕಿ ಒಕ್ಕಲಿಗರ ಸುಗ್ಗಿ ತಂಡ ಹೊರಡುತ್ತದೆ. ತಲೆಯ ಮೇಲೆ ಬೆಂಡಿನ ಹೂವು, ನವಿಲುಗರಿ ಕಟ್ಟಿದ ಎತ್ತರದ ತುರಾಯಿ, ಕೈಯಲ್ಲಿ ಕೋಲು, ಜೊತೆಗೆ ಗುಮಟೆ, ಜಾಗಟೆ. ಗುಮಟೆ ಎಂದರೆ ಮಣ್ಣಿನ ಗಡಿಗೆಯ ಒಂದು ಬಾಯಿಗೆ ಚರ್ಮ ಬಿಗಿದ ವಾದ್ಯ. ಮನೆ ಮನೆಯ ಅಂಗಳಕ್ಕೆ ಹೋಗಿ ಕುಣಿದು, ಹರಸಿ, ಅಕ್ಕಿ ಕಾಯಿ ಪಡೆದು ಬರುತ್ತಾರೆ. ಈ ಕುಣಿತಕ್ಕೆ ನೇಮ ನಿಷ್ಠೆ ಬಹಳ. ವೇಷ ಕಟ್ಟುವುದಕ್ಕೂ ಬಿಚ್ಚುವುದಕ್ಕೂ ಪೂಜೆಯುಂಟು.

ಇಷ್ಟು ಕಟ್ಟುನಿಟ್ಟಿನ ಸುಗ್ಗಿಯ ಮಗ್ಗುಲಿಗೇ ಹಗರಣ ಬರುತ್ತದೆ. ಅಲ್ಲಿ ಯಾವ ಕಟ್ಟೂ ಇಲ್ಲ. ನಾನು ನೋಡಿದ ಹಗರಣಗಳಲ್ಲಿ ಬಾಳೆದಿಂಡಿನ ಕೊಳವೆಯನ್ನು ಕುತ್ತಿಗೆಗೆ ಹಾಕಿಕೊಂಡ ಡಾಕ್ಟರರಿದ್ದರು. ಅವರು ರೋಗಿಯ ನಾಡಿ ನೋಡುವ ಮೊದಲು ಕಿಸೆ ನೋಡುತ್ತಿದ್ದರು. ಹಾಳೆಟೊಪ್ಪಿಯ ಫಾರೆಸ್ಟು ಗಾರ್ಡ ಮುದುಕಿಯ ತಲೆಯ ಮೇಲಿನ ದರಕು ಹೊರೆಯನ್ನು ಅಳೆದು ದಂಡ ಬರೆಯುತ್ತಿದ್ದ. ತಲಾಟಿ ಬಂದು ಅಂಗಳವನ್ನು ಸರಪಳಿ ಹಿಡಿದು ಅಳೆದು, ಕಡೆಗೆ ಮನೆಯವರನ್ನೇ ಅತಿಕ್ರಮಣಕಾರರೆಂದು ತೀರ್ಮಾನಿಸುತ್ತಿದ್ದ. ಮತ ಕೇಳುವ ಉಮೇದುವಾರ ಕೈಮುಗಿದು ಬಂದು, ಬೆನ್ನು ತಿರುಗಿಸಿದೊಡನೆ ಕೈಕಟ್ಟಿ ನಿಲ್ಲುತ್ತಿದ್ದ. ವೇಷಕ್ಕೆ ಖರ್ಚಿಲ್ಲ. ಮಸಿ, ಸುಣ್ಣ, ಗೋಣಿಚೀಲ, ಹಳೆಯ ಕೋಟು, ಅಡಕೆ ಹಾಳೆ ಸಾಕು.

ಮಾತಿನಲ್ಲೂ ಬರೆದಿಟ್ಟದ್ದು ಏನಿಲ್ಲ. ಆ ವರ್ಷ ಊರಿನಲ್ಲಿ ಏನು ನಡೆದಿದೆಯೋ ಅದೇ ಪ್ರಸಂಗ. ದಂಡ ತೆತ್ತವನೇ ದಂಡ ಹಾಕಿದವನ ಸೋಗು ಹಾಕುತ್ತಾನೆ. ನಿಜವಾದ ಗಾರ್ಡ ದಾರಿಯ ಬದಿಗೆ ನಿಂತು ನೋಡುತ್ತಿದ್ದರೂ ಸಿಟ್ಟಾಗುವಂತಿಲ್ಲ. ಸಿಟ್ಟಾದರೆ ಆ ವೇಷ ತನ್ನದೇ ಎಂದು ಒಪ್ಪಿಕೊಂಡಂತೆ.

ಈ ನಗೆಯ ಬೆಲೆ ತಿಳಿಯಬೇಕಾದರೆ ಆಡಿದವರ ಬದುಕು ತಿಳಿದಿರಬೇಕು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಬ್ರಿಟಿಷರ ಕಾಲದಲ್ಲಿ ಕುಮರಿ ಬೇಸಾಯದ ಮೇಲೆ ಕಡಿವಾಣ ಬಿತ್ತು. ಅರಣ್ಯ ಕಾಯದೆಗಳು ಬಂದು ಸೌದೆಗೂ ಸೊಪ್ಪಿಗೂ ಪರವಾನಗಿ ಕೇಳುವಂತಾಯಿತು. ಗದ್ದೆಯಲ್ಲಿ ದುಡಿಯುವವರು ಬಹುಮಟ್ಟಿಗೆ ಗೇಣಿಯ ಒಕ್ಕಲು. ಒಡೆಯರ ಅಂಗಳದಲ್ಲಿ ತಲೆತಗ್ಗಿಸಿ ನಿಲ್ಲಬೇಕಾದವರು ಅದೇ ಅಂಗಳದಲ್ಲಿ ವರ್ಷಕ್ಕೊಮ್ಮೆ ಒಡೆಯರ ನಡಿಗೆಯನ್ನೇ ಅನುಕರಿಸಿ ತೋರಿಸಿ, ಒಡೆಯರಿಂದಲೇ ಕಾಯಿ ಪಡೆದು ಹೋಗುತ್ತಿದ್ದರು. ಮರುದಿನ ಗೇಣಿ ಗೇಣಿಯೇ. ಆಟ ಯಾರ ಹೊಟ್ಟೆಯನ್ನೂ ತುಂಬಿಸಲಿಲ್ಲ, ಯಾರ ಸಾಲವನ್ನೂ ತೀರಿಸಲಿಲ್ಲ. ಆದರೂ ಎದುರಿಗೆ ನಿಂತು ಹೇಳಲಾಗದ್ದನ್ನು ಹೇಳಿದ ಒಂದು ದಿನ ಅವರ ಲೆಕ್ಕದಲ್ಲಿತ್ತು.

ಗೇಣಿಯ ಗಂಟು ಬಿಚ್ಚಿದ್ದು ಹೋರಾಟ ಮತ್ತು ಕಾನೂನು. 1930ರ ದಶಕದ ಕೊನೆಗೆ ಈ ಜಿಲ್ಲೆಯಲ್ಲಿ ರೈತರನ್ನು ಕೂಡಿಸಿದವರು ಅಂಕೋಲೆಯ ದಿನಕರ ದೇಸಾಯಿ. ಅದಕ್ಕಾಗಿ 1940ರಲ್ಲಿ ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿದರು. 1953ರಲ್ಲಿ ಅವರು ಕಟ್ಟಿದ ಕೆನರಾ ವೆಲ್‌ಫೇರ್ ಟ್ರಸ್ಟ್ ಹಳ್ಳಿಗಳಿಗೆ ಹೈಸ್ಕೂಲುಗಳನ್ನು ತಂದಿತು. ಇಂಥ ಮನುಷ್ಯ ಕನ್ನಡಿಗರಿಗೆ ನೆನಪಿರುವುದು ಚುಟುಕಗಳಿಗಾಗಿ. ನಾಲ್ಕೇ ಸಾಲಿನ ನಗೆಪದ್ಯ ಬರೆದವರು ರೈತ ಚಳವಳಿ ನಡೆಸಿದರೆಂದು ಹೇಳಿದರೆ ಹೊರಗಿನವರು ಹುಬ್ಬೇರಿಸುತ್ತಾರೆ. ಹಗರಣ ಕಂಡು ಬೆಳೆದ ನಮಗೆ ಅದರಲ್ಲಿ ಅಚ್ಚರಿಯೇನೂ ಇಲ್ಲ. 1974ರ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದ ಮೇಲೆ ಎಷ್ಟೋ ಒಕ್ಕಲುಗಳಿಗೆ ಉಳುವ ಗದ್ದೆ ಸ್ವಂತವಾಯಿತು. ಒಡೆಯರ ಸೋಗು ಕಡಿಮೆಯಾಗಿ ಅಧಿಕಾರಿಗಳ, ರಾಜಕಾರಣಿಗಳ ಸೋಗು ಹೆಚ್ಚಿತು.

ಹಗರಣದಲ್ಲಿ ಎಲ್ಲವೂ ಚಂದವಿತ್ತೆಂದು ನಾನು ಹೇಳಲಾರೆ. ಅದು ಗಂಡಸರ ಆಟ. ಬಸುರಿಯ ವೇಷ, ಜಗಳಗಂಟಿ ಹೆಂಡತಿಯ ವೇಷ ಹಾಕಿ ನಗಿಸಿದ್ದೇ ಹೆಚ್ಚು. ನೋಡುತ್ತ ನಿಂತ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು, ಕೆಲವರು ಒಳಗೆ ಹೋದರು. ಕುಶಾಲು ಎಂಬ ಮಾತನ್ನು ಗುರಾಣಿ ಮಾಡಿಕೊಳ್ಳುವವರೂ ಇದ್ದಾರೆ. ಹುಡುಗಿಯನ್ನು ಬಸ್ಸಿನಲ್ಲಿ ಅಳಿಸಿದವನು ‘ಕುಶಾಲಿಗೆ ಹೇಳಿದ್ದು ಅಕ್ಕೋರೇ’ ಎಂದು ನನ್ನ ಮುಂದೆ ನಿಂತದ್ದುಂಟು. ಅದು ಕುಶಾಲು ಹೌದೋ ಅಲ್ಲವೋ ಎಂದು ಹೇಳಬೇಕಾದವಳು ಕೇಳಿಸಿಕೊಂಡವಳು, ಹೇಳಿದವನಲ್ಲ ಎಂಬುದೊಂದೇ ನಾನು ಅವನಿಗೆ ಕೊಟ್ಟ ಉತ್ತರ. ಹಗರಣದ ಒಳ್ಳೆಯ ಭಾಗಕ್ಕೂ ಕೆಟ್ಟ ಭಾಗಕ್ಕೂ ಇದೇ ಅಳತೆ. ದಂಡ ತೆತ್ತವನು ದಂಡ ಹಾಕಿದವನನ್ನು ನಕ್ಕರೆ ಅದರಲ್ಲಿ ಒಂದು ನ್ಯಾಯವಿದೆ. ಮನೆಯಲ್ಲಿ ಸೋತವಳನ್ನು ಬೀದಿಯಲ್ಲಿಯೂ ನಕ್ಕರೆ ಅದಕ್ಕೆ ಯಾವ ಹೆಸರೂ ಒಪ್ಪುವುದಿಲ್ಲ.

ಆಟದ ಹೆಸರು ಅವ್ಯವಹಾರದ ಹೆಸರಾದ ಮೆಟ್ಟಿಲುಗಳನ್ನು ಊಹಿಸುವುದು ಕಷ್ಟವಲ್ಲ. ಹಗರಣ ನಡೆದಲ್ಲಿ ಗದ್ದಲ ಇರುತ್ತದೆ. ಹಾಗಾಗಿ ಗದ್ದಲಕ್ಕೆ, ರಂಪಕ್ಕೆ ಹಗರಣ ಎಂದರು. ಹತ್ತು ಜನರ ಮುಂದೆ ರಂಪವಾದರೆ ಮಾನ ಹೋಗುತ್ತದೆ. ‘ಸುಮ್ನೆ ಹಗರಣ ಮಾಡ್ಕಬೇಡ’ ಎಂದರೆ ಮಾನಗೇಡಿ ಆಗಬೇಡ ಎಂದಾಯಿತು. ಅಲ್ಲಿಂದ ದೊಡ್ಡವರ ಮಾನ ಕಳೆಯುವ ಸುದ್ದಿಗೆ ಒಂದೇ ಹೆಜ್ಜೆ. 1987ರಲ್ಲಿ ಬೊಫೋರ್ಸ್, 1992ರಲ್ಲಿ ಮುಂಬಯಿಯ ಷೇರುಪೇಟೆ, 1996ರಲ್ಲಿ ಬಿಹಾರದ ಮೇವು. ಪತ್ರಿಕೆಗಳು ಒಂದೊಂದಕ್ಕೂ ಇದೇ ಶಬ್ದವನ್ನು ಬಳಸಿದವು. ಆ ದಶಕ ಮುಗಿಯುವಷ್ಟರಲ್ಲಿ ಹಳೆಯ ಅರ್ಥ ಪೇಟೆಯ ಕನ್ನಡದಿಂದ ಹೆಚ್ಚುಕಡಿಮೆ ಅಳಿಸಿಹೋಗಿತ್ತು.

ಬೇರೆ ಭಾಷೆಗಳವರು ಇದಕ್ಕೆ ಏನೆನ್ನುತ್ತಾರೆಂದು ನೋಡಿದರೆ ಕುತೂಹಲವಾಗುತ್ತದೆ. ಇಂಗ್ಲಿಷಿನ ‘ಸ್ಕ್ಯಾಂಡಲ್’ ಗ್ರೀಕ್ ಮೂಲದಲ್ಲಿ ಕಾಲಿಗೆ ಎಡವುವ ಅಡ್ಡಿ, ಬಲೆ. ತಮಿಳರ ‘ಊಳಲ್’ನಲ್ಲಿ ಕೊಳೆತದ್ದರ ವಾಸನೆಯಿದೆ. ತೆಲುಗರು ಕುಂಭಕೋಣಂ ಎನ್ನುತ್ತಾರೆ. ಕಾವೇರಿ ತೀರದ ಆ ಪುಣ್ಯಕ್ಷೇತ್ರ ಏನು ಪಾಪ ಮಾಡಿತ್ತೋ! ಎಡವುಗಲ್ಲು, ಕೊಳೆ, ಇವೆಲ್ಲ ಕೆಟ್ಟದ್ದರ ಹೆಸರುಗಳೇ. ನಾವು ಮಾತ್ರ ಒಂದು ಕಲೆಯ ಹೆಸರನ್ನು ಎತ್ತಿಕೊಟ್ಟೆವು.

ಆ ಹೆಸರು ಒಂದು ದಿನ ನಮ್ಮ ಬಾಗಿಲಿಗೇ ಮರಳಿ ಬಂತು. ಅಂಕೋಲೆ ತಾಲೂಕಿನ ಬೆಳಂಬಾರ ಸುಗ್ಗಿಗೆ ಹೆಸರಾದ ಊರು. ಅದೇ ತಾಲೂಕಿನ ಇನ್ನೊಂದು ಊರು ಬೇಲೆಕೇರಿ, ಒಂದು ಸಣ್ಣ ಬಂದರು. ಬಳ್ಳಾರಿಯ ಕಬ್ಬಿಣದ ಅದಿರು ಲಾರಿಗಳಲ್ಲಿ ಗಟ್ಟ ಇಳಿದು ಬಂದು ಅಲ್ಲಿಂದ ಹಡಗು ಹತ್ತುತ್ತಿತ್ತು. 2010ರಲ್ಲಿ ಅರಣ್ಯ ಇಲಾಖೆ ಅಕ್ರಮವೆಂದು ವಶಪಡಿಸಿಕೊಂಡಿದ್ದ ಲಕ್ಷಗಟ್ಟಲೆ ಟನ್ ಅದಿರು ಬಂದರಿನಿಂದಲೇ ಮಾಯವಾಯಿತು. ಇದೇ ವಿಷಯದ ಬಿಸಿಯಲ್ಲಿ ಆಗಿನ ಲೋಕಾಯುಕ್ತ ಸಂತೋಷ ಹೆಗ್ಡೆಯವರು ಆ ವರ್ಷದ ಜೂನಿನಲ್ಲಿ ರಾಜೀನಾಮೆ ಕೊಟ್ಟು, ಆಮೇಲೆ ಹಿಂತೆಗೆದುಕೊಂಡರು. 2011ರ ಜುಲೈನಲ್ಲಿ ಅವರ ಗಣಿ ವರದಿ ಹೊರಬಿತ್ತು. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಬೇಲೆಕೇರಿಯ ಪ್ರಕರಣಗಳಲ್ಲಿ ಶಿಕ್ಷೆ ವಿಧಿಸಿತು. ಮೇಲ್ಮನವಿ ಹೈಕೋರ್ಟಿಗೆ ಹೋಯಿತು. ದರಕು ಹೊರೆಗೆ ದಂಡ ತೆತ್ತ ಮುದುಕಿಯರ ನಾಡಿನಿಂದ ಹಡಗುಗಟ್ಟಲೆ ಅದಿರು ಹೋಯಿತು, ಅದನ್ನು ಆ ಮುದುಕಿಯರ ಮಕ್ಕಳ ಆಟದ ಹೆಸರಿನಿಂದಲೇ ಎಲ್ಲರೂ ಕರೆದರು.

2011ರ ಮಳೆಗಾಲದಲ್ಲಿ ನಾನಿದ್ದ ಶಾಲೆಯ ಎಂಟನೆಯ ತರಗತಿಗೆ ‘ನಮ್ಮೂರ ಹಬ್ಬ’ ಎಂಬ ಪ್ರಬಂಧ ಬರೆಯಲು ಕೊಟ್ಟಿದ್ದೆವು. ಹಾಲಕ್ಕಿ ಕೊಪ್ಪದಿಂದ ಬರುತ್ತಿದ್ದ ಒಬ್ಬ ಹುಡುಗಿ ಎದ್ದುನಿಂತು ತನ್ನದನ್ನು ಓದಿದಳು. ‘ನನ್ನ ತಂದೆಯವರು ಪ್ರತಿ ವರ್ಷ ಹಗರಣ ಮಾಡುತ್ತಾರೆ’ ಎಂಬಲ್ಲಿಗೆ ಬಂದಾಗ ತರಗತಿ ಗೊಳ್ಳೆಂದಿತು. ‘ಎಷ್ಟು ಕೋಟೀದೇ?’ ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು. ಅವಳು ಕೆಂಪಗಾಗಿ, ‘ಕಳ್ಳತನ ಅಲ್ಲ ಅಕ್ಕೋರೇ, ಸೋಗು ಹಾಕೂದು’ ಎಂದಳು. ನಾನು ಅವಳಿಂದಲೇ ಅದನ್ನು ವಿವರಿಸಲು ಹೇಳಿದೆ. ಅವಳು ಒಂದಿಷ್ಟು ಹೇಳಿದಳು, ಮಕ್ಕಳು ಕೇಳಿದರು. ಆದರೂ ವಾರದೊಳಗೆ ಶಾಲೆಯ ಅಂಗಳದಲ್ಲಿ ಆ ಹುಡುಗಿಯ ಹೆಸರೇ ಹಗರಣ ಎಂದಾಗಿತ್ತು.

ವರ್ಷದ ಕೊನೆಯ ಪರೀಕ್ಷೆಯಲ್ಲಿ ಅದೇ ವಿಷಯ ಮತ್ತೆ ಬಂದಾಗ ಅವಳು ಬರೆದದ್ದು ಹೀಗೆ: ‘ನಮ್ಮೂರಿನಲ್ಲಿ ಹೋಳಿಗೆ ಛದ್ಮವೇಷ ಸ್ಪರ್ಧೆ ಇರುತ್ತದೆ.’ ಛದ್ಮವೇಷ ಶಾಲೆಯ ಶಬ್ದ. ನಮ್ಮ ವಾರ್ಷಿಕ ಸಮ್ಮೇಲನದಲ್ಲಿ ಪೇಟೆಯ ಮಕ್ಕಳು ಬಾಡಿಗೆಯ ಬಟ್ಟೆ ತೊಟ್ಟು ಡಾಕ್ಟರು, ಪೊಲೀಸು ಆಗಿ ಬಂದು ಬಹುಮಾನ ಪಡೆಯುವ ಆಟಕ್ಕೆ ಆ ಹೆಸರು. ಮಾಡುವುದು ಅದನ್ನೇ. ಒಂದಕ್ಕೆ ಪ್ರಶಸ್ತಿಪತ್ರ, ಇನ್ನೊಂದಕ್ಕೆ ನಗೆ. ಅವಳ ಉತ್ತರಕ್ಕೆ ಒಳ್ಳೆಯ ಅಂಕ ಬಂತು. ಒಂದು ಅಕ್ಷರವೂ ತಪ್ಪಿರಲಿಲ್ಲ.

ಅಂದಿನಿಂದ ನಾನು ಇಂಥ ಶಬ್ದಗಳನ್ನು ಗಮನಿಸತೊಡಗಿದೆ. ಶಾಸಕರು ಪಕ್ಷದಿಂದ ಪಕ್ಷಕ್ಕೆ ಜಿಗಿದರೆ ‘ದೊಂಬರಾಟ’ ಎನ್ನುತ್ತೇವೆ. ದೊಂಬರ ಹುಡುಗಿ ಹಗ್ಗದ ಮೇಲೆ ನಡೆಯುವುದನ್ನು ನೋಡಿದವರಿಗೆ ಗೊತ್ತು, ಅಲ್ಲಿ ಎಳ್ಳಷ್ಟು ಉಡಾಫೆ ನಡೆಯುವುದಿಲ್ಲ; ಕಾಲು ತಪ್ಪಿದರೆ ಜೀವವೇ ಇಲ್ಲ. ಬುದ್ಧಿಗೇಡಿಗೆ ‘ಕೋಡಂಗಿ’ ಎನ್ನುತ್ತೇವೆ. ಯಕ್ಷಗಾನದ ಪೂರ್ವರಂಗದಲ್ಲಿ ಕೋಡಂಗಿ ವೇಷ ಕಟ್ಟಿ ಕುಣಿಯುವವರು ಕಲಿಯುತ್ತಿರುವ ಎಳೆಯರು. ಎಷ್ಟೋ ದೊಡ್ಡ ಕಲಾವಿದರ ಮೊದಲ ಹೆಜ್ಜೆ ಅದು. ಮಕ್ಕಳ ಆಟ ಹುಡುಗಾಟವಾಯಿತು, ಕಲಿಯುವವನ ವೇಷ ಕೋಡಂಗಿತನವಾಯಿತು, ಹಗ್ಗದ ಮೇಲಿನ ಬದುಕು ದೊಂಬರಾಟವಾಯಿತು, ಒಕ್ಕಲಿನವರ ಅಣಕ ಹಗರಣವಾಯಿತು. ಬಲವಿಲ್ಲದವರ ಕೆಲಸಗಳ ಹೆಸರನ್ನೆಲ್ಲ ಬಲವಿದ್ದವರ ತಪ್ಪುಗಳಿಗೆ ಇಟ್ಟಿದ್ದೇವೆ. ಇದರ ತಿರುಗಾಮುರುಗಾ ನಡೆದದ್ದನ್ನು ನಾನು ಕಂಡಿಲ್ಲ.

ಇನ್ನೂ ಒಂದು ಸಂಗತಿಯಿದೆ. ಕಳ್ಳತನಕ್ಕೆ ಆಟದ ಹೆಸರು ಕೊಟ್ಟರೆ ಕಳ್ಳತನವೂ ಹಗುರವಾಗುತ್ತದೆ. ಕೊಪ್ಪದ ಹುಡುಗ ನಾಲ್ಕು ತೆಂಗಿನಕಾಯಿ ಕದ್ದರೆ ಅವನು ಕಳ್ಳ. ಹಡಗು ತುಂಬ ಅದಿರು ಹೋದರೆ ಅದು ಹಗರಣ. ಹಗರಣ ಎಂದೊಡನೆ ನಾವು ನೋಡುವವರಾಗಿಬಿಡುತ್ತೇವೆ. ಟೀವಿಯ ಮುಂದೆ ಕುಳಿತು ಇಂದು ಯಾವ ವೇಷ ಬರುತ್ತದೆಂದು ಕಾಯುತ್ತೇವೆ. ಹೋದದ್ದು ನಮ್ಮ ಮನೆಯದೇ ಎಂಬುದು ಮರೆತುಹೋಗುತ್ತದೆ. ಸುಗ್ಗಿಯ ಹಗರಣದಲ್ಲಿ ಅದಿರಿನ ಲಾರಿಯ ಸೋಗು ಹಾಕಿದವರಿಗೆ ಆ ಮರೆವು ಇರಲಿಲ್ಲ. ತಮ್ಮ ಗದ್ದೆಯ ಮೇಲೆ ಬಿದ್ದ ಕೆಂಪು ಧೂಳನ್ನೇ ಅವರು ಮುಖಕ್ಕೆ ಬಳಿದುಕೊಂಡಿದ್ದರು.

ಭಾಷೆ ಹರಿಯುವ ನೀರು, ಅರ್ಥ ಬದಲಾಗುತ್ತಲೇ ಇರುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುತ್ತೇನೆ. ಪತ್ರಿಕೆಯವರು ನಾಳೆಯಿಂದ ಈ ಶಬ್ದವನ್ನು ಬಿಡಲಿ ಎಂದು ಕೇಳುವಷ್ಟು ಭೋಳೆಯವಳಲ್ಲ. ಆದರೆ ಶಾಲೆಯಲ್ಲಿ ಮಾಡಬಹುದಾದ್ದು ಒಂದಿದೆ. ಹೊನ್ನಾವರದ ಡಾ. ಎನ್. ಆರ್. ನಾಯಕ, ಶಾಂತಿ ನಾಯಕ ದಂಪತಿಗಳು, ಕುಮಟೆಯ ಡಾ. ಎಲ್. ಆರ್. ಹೆಗಡೆಯವರು ಹಳ್ಳಿ ಹಳ್ಳಿ ತಿರುಗಿ ಈ ಜಿಲ್ಲೆಯ ಹಾಡು, ಕತೆ, ಕುಣಿತಗಳನ್ನು ಬರೆದಿಟ್ಟಿದ್ದಾರೆ. 2025ರ ಫೆಬ್ರವರಿಯಲ್ಲಿ ತೀರಿಕೊಂಡ ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಅಕ್ಷರ ಕಲಿಯದೆಯೂ ಸಾವಿರಾರು ಹಾಡುಗಳನ್ನು ಬಾಯಲ್ಲಿಟ್ಟುಕೊಂಡಿದ್ದರು; 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ಹಾಡಿಗೆ ಸಿಕ್ಕ ಮರ್ಯಾದೆ ಅವರ ಜನರ ಶಬ್ದಕ್ಕೂ ಸಿಗಬೇಡವೇ? ತರಗತಿಯಲ್ಲಿ ಹಗರಣ ಎಂಬ ಪದ ಬಂದಾಗ ನಾನು ಕಪ್ಪುಹಲಗೆಯ ಮೇಲೆ ಎರಡು ಅರ್ಥ ಬರೆಸುತ್ತೇನೆ. ಮೊದಲು ಆಟ, ಆಮೇಲೆ ಅವ್ಯವಹಾರ. ಅದೇ ಕ್ರಮದಲ್ಲಿ ಬರೆಯಬೇಕು ಎನ್ನುತ್ತೇನೆ, ಏಕೆಂದರೆ ಅವು ಬಂದದ್ದು ಅದೇ ಕ್ರಮ. ಕೊಪ್ಪದಿಂದ ಬಂದ ಮಗುವೊಂದು ಆ ಸಾಲಿನಲ್ಲಿದ್ದರೆ, ಮೊದಲನೆಯದನ್ನು ವಿವರಿಸುವ ಕೆಲಸ ಅದಕ್ಕೆ ಬಿಡುತ್ತೇನೆ.